ಮರದ ಮೋಟಾರ್‌ಸೈಕಲ್ ಸ್ಟ್ಯಾಂಡ್

ಮರದ ಮೋಟಾರ್‌ಸೈಕಲ್ ಸ್ಟ್ಯಾಂಡ್ ಎಂಬುದು ದುರಸ್ತಿಯ ವೇಳೆ ಮೋಟಾರ್‌ಸೈಕಲ್ಲಿನ ಚಕ್ರಗಳು ನೆಲಕ್ಕೆ ತಾಗದಂತೆ ವಾಹನವನ್ನು ಎತ್ತಿ ನಿಲ್ಲಿಸಲು ಬಳಸುವ ಆಧಾರಪೀಠವಾಗಿದೆ. ಚಕ್ರ ಬಿಚ್ಚುವುದು, ಚೈನನ್ನು ಸ್ವಚ್ಛಗೊಳಿಸಿ ಎಣ್ಣೆ ಹಾಕುವುದು, ಬ್ರೇಕ್ ಪರಿಶೀಲಿಸುವುದು ಮೊದಲಾದ ಕೆಲಸಗಳಿಗೆ ಇದು ಉಪಯುಕ್ತ. ಪ್ಲೈವುಡ್ ತುಂಡುಗಳು ಮತ್ತು ಕೆಲವು ರೀಪುಗಳಿಂದ ಇದನ್ನು ಮನೆಯಲ್ಲಿಯೇ ಕಡಿಮೆ ವೆಚ್ಚದಲ್ಲಿ ತಯಾರಿಸಬಹುದು.

ಬಳಕೆಯ ವ್ಯಾಪ್ತಿ

ಎಂಜಿನ್ನಿನ ಅಡಿಯಲ್ಲಿ ಇಡುವ ಪೆಟ್ಟಿಗೆಯಾಕಾರದ ಸ್ಟ್ಯಾಂಡ್ ಮುಖ್ಯವಾಗಿ ಮೋಟೋಕ್ರಾಸ್ ಮಾದರಿಯ ಹಗುರ ವಾಹನಗಳಿಗೆ ಸೇರಿದ್ದು. ಇವುಗಳಿಗೆ ಸೈಡ್ ಸ್ಟ್ಯಾಂಡ್ ಕೂಡ ಇರುವುದಿಲ್ಲ; ತೂಕ ಸುಮಾರು 110 ಕೆ.ಜಿ. ಮಾತ್ರ. ಎಂಜಿನ್ನಿನ ಕೆಳಗೆ ಚೌಕಟ್ಟಿನ ಎರಡು ಕೊಳವೆಗಳು ಹಾದುಹೋಗುವುದರಿಂದ ಭಾರವು ಅವುಗಳ ಮೇಲೆ ಕೂರುತ್ತದೆ. ಅಡಿಯಲ್ಲಿ ಸೈಲೆನ್ಸರ್ ಕೊಳವೆ ಅಥವಾ ಎಣ್ಣೆಯ ತೊಟ್ಟಿ ಇರುವ ರಸ್ತೆ ವಾಹನಗಳಿಗೆ ಈ ಪೆಟ್ಟಿಗೆ ಹೊಂದುವುದಿಲ್ಲ. ಸುಮಾರು 195 ಕೆ.ಜಿ. ತೂಗುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂತಹ ವಾಹನವನ್ನು ಕೈಯಿಂದ ಪೆಟ್ಟಿಗೆಯ ಮೇಲೆ ಎತ್ತಿಡಲು ಯತ್ನಿಸುವುದು ಅಪಾಯಕರ. ಸೆಂಟರ್ ಸ್ಟ್ಯಾಂಡ್ ಇರುವ ವಾಹನಕ್ಕೆ ಅದೇ ಸಾಕು.

ತೂಕ ಮತ್ತು ಸ್ಥಿರತೆ

ಮರದ ಸ್ಟ್ಯಾಂಡ್ ಭಾರಕ್ಕೆ ಜಜ್ಜಿಹೋದೀತು ಎಂಬುದು ಸಾಮಾನ್ಯ ಶಂಕೆ. ಆದರೆ ಲೆಕ್ಕ ಹಾಕಿದರೆ ಈ ಶಂಕೆಗೆ ಆಧಾರವಿಲ್ಲ. 18 ಮಿ.ಮೀ. ದಪ್ಪ ಹಾಗೂ ಮೇಲ್ಭಾಗದಲ್ಲಿ 28 ಸೆಂ.ಮೀ. ಅಗಲವಿರುವ ಎರಡು ಪ್ಲೈವುಡ್ ಹಲಗೆಗಳು ಒಟ್ಟು ಸುಮಾರು 100 ಚದರ ಸೆಂ.ಮೀ. ಅಂಚನ್ನು ಒದಗಿಸುತ್ತವೆ. 110 ಕೆ.ಜಿ. ಭಾರವು ಸಮನಾಗಿ ಹರಡಿದರೆ ಪ್ರತಿ ಚದರ ಸೆಂ.ಮೀ.ಗೆ ಬೀಳುವುದು ಕೇವಲ ಒಂದು ಕೆ.ಜಿ.ಯಷ್ಟು. ಒಣಗಿದ ಮರವು ಎಳೆಯ ದಿಕ್ಕಿನಲ್ಲಿ ಇದರ ನೂರಾರು ಪಟ್ಟು ಒತ್ತಡವನ್ನು ತಾಳಬಲ್ಲದು.

ನಿಜವಾದ ಅಪಾಯವಿರುವುದು ಪಕ್ಕಕ್ಕೆ ಉರುಳುವುದರಲ್ಲಿ ಮತ್ತು ಜೋಡಣೆ ಸಡಿಲವಾಗಿ ಪೆಟ್ಟಿಗೆಯೇ ಓರೆಯಾಗುವುದರಲ್ಲಿ. ಹ್ಯಾಂಡಲ್ ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಬುಡದ ಅಗಲ 25 ಸೆಂ.ಮೀ. ಇರುವ ಸ್ಟ್ಯಾಂಡಿನ ಮೇಲಿನ ವಾಹನವನ್ನು ಉರುಳಿಸಲು ಹ್ಯಾಂಡಲ್ಲಿನ ಮೇಲೆ ಸುಮಾರು 11 ಕೆ.ಜಿ. ತೂಕದಷ್ಟು ಬಲ ಸಾಕು. ಅಗಲವನ್ನು 45 ಸೆಂ.ಮೀ.ಗೆ ಹೆಚ್ಚಿಸಿದರೆ ಸುಮಾರು 20 ಕೆ.ಜಿ.ಯಷ್ಟು ಬಲ ಬೇಕಾಗುತ್ತದೆ. ಆದುದರಿಂದ ದಪ್ಪ ಮರಕ್ಕಿಂತ ಅಗಲವಾದ ಬುಡವೇ ಮುಖ್ಯ.

ಸಾಮಗ್ರಿ

ಪ್ಲೈವುಡ್ಡಿನಲ್ಲಿ ತೇವ ತಾಳುವ ಬಿಡಬ್ಲ್ಯುಆರ್ ದರ್ಜೆಯದು ಸೂಕ್ತ; ವಾಹನ ತೊಳೆದ ನೀರು ಸ್ಟ್ಯಾಂಡಿನ ಮೇಲೆ ಬೀಳುವುದು ತಪ್ಪುವುದಿಲ್ಲ. ಮರಗೆಲಸದ ಅಂಗಡಿಗಳಲ್ಲಿ ಉಳಿಯುವ ತುಂಡುಗಳೇ ಈ ಕೆಲಸಕ್ಕೆ ಸಾಲುತ್ತವೆ. ರೀಪುಗಳಿಗೆ ಮತ್ತಿ, ಹೊನ್ನೆಯಂತಹ ಗಟ್ಟಿಮರ ಉತ್ತಮ. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮೃದುವಾದರೂ ಚೆನ್ನಾಗಿ ಒಣಗಿದ್ದರೆ ಬಳಸಬಹುದು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳು ಅಗ್ಗವೇನೋ ಹೌದು, ಆದರೆ ಗಂಟು ಮತ್ತು ಸೀಳು ಇರುವ ತುಂಡುಗಳನ್ನು ಬದಿಗಿಡಬೇಕು.

ನಿರ್ಮಾಣ

ಮೊದಲು ಎತ್ತರವನ್ನು ನಿರ್ಧರಿಸಬೇಕು. ಚಕ್ರಗಳು ನೆಲಬಿಟ್ಟಾಗ ಸಸ್ಪೆನ್ಷನ್ ಹಿಗ್ಗಿ ಅವು ಕೆಳಗಿಳಿಯುವುದರಿಂದ, ನಿಂತಿರುವ ವಾಹನದ ಅಡಿಯ ಅಂತರವನ್ನಷ್ಟೇ ಅಳೆದು ಮಾಡಿದ ಸ್ಟ್ಯಾಂಡ್ ಗಿಡ್ಡವಾಗುತ್ತದೆ. ಇಬ್ಬರು ವಾಹನದ ಮುಂಭಾಗ ಮತ್ತು ಹಿಂಭಾಗವನ್ನು ಚಕ್ರಗಳು ಇನ್ನೇನು ನೆಲಬಿಡುವವರೆಗೆ ಎತ್ತಿ ಹಿಡಿದಿರುವಾಗ ಮೂರನೆಯವರು ಚೌಕಟ್ಟಿನ ಅಡಿಯಿಂದ ನೆಲದವರೆಗಿನ ಅಂತರವನ್ನು ಅಳೆದು, ಅದಕ್ಕೆ 3 ರಿಂದ 5 ಸೆಂ.ಮೀ. ಸೇರಿಸಬೇಕು.

ಈ ಎತ್ತರಕ್ಕೆ, ಬುಡದಲ್ಲಿ 45 ಸೆಂ.ಮೀ. ಮತ್ತು ಮೇಲೆ 28 ಸೆಂ.ಮೀ. ಅಗಲವಿರುವಂತೆ ಎರಡು ಹಲಗೆಗಳನ್ನು ಕತ್ತರಿಸಲಾಗುತ್ತದೆ. ಅವುಗಳನ್ನು ವಾಹನದ ಉದ್ದಕ್ಕೆ ಅಡ್ಡಲಾಗಿ, ಸುಮಾರು 35 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ, ಮೂಲೆಗಳ ಒಳಬದಿಯಲ್ಲಿ ರೀಪುಗಳನ್ನು ಕೂರಿಸಬೇಕು. ಪ್ಲೈವುಡ್ಡಿನ ಅಂಚಿಗೆ ಹೊಡೆದ ಸ್ಕ್ರೂ ಪದರಗಳನ್ನು ಬಿಡಿಸಿ ಸಡಿಲವಾಗುತ್ತದೆ. ಹಾಗಾಗಿ ಹಲಗೆಯ ಮುಖದಿಂದ ರೀಪಿನೊಳಕ್ಕೆ ಸ್ಕ್ರೂ ಹಾಕಿ ಅಂಟನ್ನೂ ಹಚ್ಚುವುದು ಕ್ರಮ. ಬರೀ ಮೊಳೆಗಳನ್ನು ನೆಚ್ಚಬಾರದು. ಇಳಿಜಾರಾದ ಎರಡು ಪಕ್ಕಗಳನ್ನು ಪ್ಲೈವುಡ್ಡಿನಿಂದ ಮುಚ್ಚಬೇಕು. ಇದನ್ನು ಕೇವಲ ಅಂದಕ್ಕೆಂದು ಭಾವಿಸಿ ಬಿಟ್ಟುಬಿಡುವವರಿದ್ದಾರೆ. ಪೆಟ್ಟಿಗೆ ಹಿಂದೆ ಮುಂದೆ ವಾಲದಂತೆ ತಡೆಯುವುದು ಈ ಪಕ್ಕಗಳೇ. ಮೇಲಿನ ಹಲಗೆಗೆ ಹಳೆಯ ಟಯರಿನ ರಬ್ಬರು ಅಂಟಿಸಿದರೆ ಚೌಕಟ್ಟು ಜಾರುವುದಿಲ್ಲ. ಕೊನೆಗೆ ಎಣ್ಣೆ ಹೀರದಂತೆ ಬಣ್ಣ ಬಳಿಯಲಾಗುತ್ತದೆ.

ಬಳಸುವ ಕ್ರಮ

ಸ್ಟ್ಯಾಂಡನ್ನು ಸಮತಟ್ಟಾದ ಗಟ್ಟಿನೆಲದ ಮೇಲೆಯೇ ಇಡಬೇಕು. ಹಸಿಮಣ್ಣಿನಲ್ಲಿ ಒಂದು ಬದಿ ಕುಸಿದರೂ ವಾಹನ ಉರುಳಬಹುದು. ವಾಹನವನ್ನು ಎತ್ತಿಡಲು ಇಬ್ಬರಿರುವುದು ಒಳ್ಳೆಯದು. ಆಕ್ಸಲ್ ನಟ್ಟನ್ನು ಎತ್ತುವ ಮೊದಲೇ, ಚಕ್ರಗಳು ನೆಲದ ಮೇಲಿರುವಾಗ, ಸ್ವಲ್ಪ ಸಡಿಲಿಸಿಕೊಳ್ಳಬೇಕು. 80 ನ್ಯೂಟನ್ ಮೀಟರ್ ಬಿಗಿಯಿರುವ ನಟ್ಟಿಗೆ 40 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 20 ಕೆ.ಜಿ. ತೂಕದಷ್ಟು ಬಲ ಬೇಕು. ವಾಹನ ಸ್ಟ್ಯಾಂಡಿನ ಮೇಲಿರುವಾಗ ಇಷ್ಟು ಬಲ ಹಾಕಿ, ಸ್ಪ್ಯಾನರ್ ಜಾರಿತೆಂದರೆ ಕೈ ಮತ್ತು ವಾಹನ ಎರಡಕ್ಕೂ ಪೆಟ್ಟು.

ಒಂದು ಚಕ್ರವನ್ನು ತೆಗೆದೊಡನೆ ವಾಹನದ ಗುರುತ್ವ ಕೇಂದ್ರ ಸರಿಯುತ್ತದೆ. ಮುಂಚಕ್ರ ತೆಗೆದರೆ ಹಿಂಭಾಗ ಬಾಗುವುದರಿಂದ, ಮೊದಲೇ ಹಿಂಚಕ್ರದ ಅಡಿಗೆ ಮರದ ದಿಮ್ಮಿ ಇಡಬೇಕು. ಹಿಂಚಕ್ರ ತೆಗೆಯುವಾಗ ಮುಂಚಕ್ರಕ್ಕೆ ಹೀಗೆಯೇ ಆಸರೆ ಕೊಡಬೇಕು. ಓಡಿಸಿ ತಂದ ವಾಹನದ ಸೈಲೆನ್ಸರ್ ತಣಿಯುವ ಮುನ್ನ ಅದನ್ನು ಮರದ ಮೇಲೆ ಏರಿಸಬಾರದು. ಪೆಟ್ರೋಲ್ ಹೀರಿಕೊಂಡ ಸ್ಟ್ಯಾಂಡನ್ನು ಕಿಡಿ, ಬೆಂಕಿಗಳಿಂದ ದೂರ, ಬಯಲಿನಲ್ಲಿ ಸಂಪೂರ್ಣವಾಗಿ ಆರಲು ಬಿಡಬೇಕು. ಮಳೆಗಾಲದ ನಂತರ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ, ಪದರ ಬಿಟ್ಟ ಹಲಗೆಯಿದ್ದಲ್ಲಿ ಬದಲಾಯಿಸಬೇಕಾಗುತ್ತದೆ.