ಚಪಡನ ಸಹಿಯ ಊರಿನಲ್ಲಿ ಕಾರ್ತಿಕ

ಮೇಷ್ಟ್ರು ಸೀಮೆಸುಣ್ಣದ ತುಂಡು ತೆಗೆದು ಕಟ್ಟೆಯ ಚಪ್ಪಡಿಯ ಮೇಲೆ ಐದು ಗುರುತು ಬರೆದರು. ಬರೆದದ್ದು ಬಲಗಡೆಯಿಂದ ಎಡಗಡೆಗೆ. ‘ಓದಮ್ಮ ನೋಡೋಣ’ ಎಂದರು. ನನಗೆ ಬರಲಿಲ್ಲ. ಪಕ್ಕದಲ್ಲಿ ಶೇಂಗಾ ಬಳ್ಳಿ ಗುಡ್ಡೆ ಹಾಕಿಕೊಂಡು ಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆಯೇ, ‘ಲಿಪಿಕರೇಣ ಅಂತ ಐತೆ ಕಣವ್ವ. ಬಂದೋರಿಗೆಲ್ಲ ಇದನ್ನೇ ಬರದು ತೋರಿಸ್ತಾರೆ’ ಎಂದರು. ಆ ಅಜ್ಜಿಗೆ ಕನ್ನಡ ಓದಲು ಬಾರದು. ಖರೋಷ್ಠಿಯ ಒಂದೇ ಒಂದು ಪದ ಮಾತ್ರ ಬರುತ್ತದೆ.

ಇದು ನಡೆದದ್ದು ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಲ್ಲಿ, ಕಾರ್ತಿಕದ ಒಂದು ಸೋಮವಾರ ಸಂಜೆ. ಈಗ ಎಲ್ಲರೂ ಅಶೋಕ ಸಿದ್ದಾಪುರ ಎನ್ನುವ ಊರು. ಶಾಸನ ನೋಡಿಕೊಂಡು ಎರಡು ಗಂಟೆಯಲ್ಲಿ ಚಳ್ಳಕೆರೆಗೆ ಹಿಂದಿರುಗಬೇಕೆಂದು ಹೊರಟವಳು ನಾನು. ಎದ್ದಾಗ ರಾತ್ರಿಯಾಗಿತ್ತು, ಮಡಿಲಲ್ಲಿ ಅಜ್ಜಿ ಕೊಟ್ಟ ಹಸಿ ಶೇಂಗಾ ಇತ್ತು. ವಾರ ಕಳೆದರೂ ಆ ಕಟ್ಟೆ ಮನಸ್ಸಿನಿಂದ ಇಳಿದಿಲ್ಲ.

ಶಾಸನದ ಕಥೆ ಓದುಗರಿಗೆ ಗೊತ್ತಿರುವುದೇ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಹತ್ತಿರ ಹತ್ತಿರದ ಮೂರು ಕಡೆ, ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ಅಶೋಕನ ಕಿರು ಬಂಡೆಗಲ್ಲು ಶಾಸನಗಳನ್ನು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ನಮ್ಮ ನೆಲದವರೆಗೆ ಹಬ್ಬಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ಆಗ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಮಹಾಮಾತ್ರರಿಗೆ ಕಳಿಸಿದ ಅಪ್ಪಣೆ ಅದು. ಸುವರ್ಣಗಿರಿ ಯಾವುದು ಎಂಬ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ, ಕನಕಗಿರಿಯವರೂ ಜೊನ್ನಗಿರಿಯವರೂ ಇತ್ಯರ್ಥ ಮಾಡಿಕೊಳ್ಳಲಿ. ಇಸಿಲ ಮಾತ್ರ ಇದೇ ನೆಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಅಗೆದಾಗ ಕಲ್ಲಿನ ಕೊಡಲಿಯ ಕಾಲದಿಂದ ಹಿಡಿದು ಬದುಕಿನ ಪದರಗಳು ಒಂದರ ಮೇಲೊಂದು ಸಿಕ್ಕವು. ಸತ್ತವರಿಗಾಗಿ ದೊಡ್ಡ ಚಪ್ಪಡಿಗಳ ಕೋಣೆ ಕಟ್ಟಿ ಒಳಗೆ ಮಡಕೆ ಕುಡಿಕೆ ಇಟ್ಟ ಜನರೂ ಇಲ್ಲೇ ಇದ್ದರು.

ಬ್ರಹ್ಮಗಿರಿಯ ಬಂಡೆಯನ್ನು ಜನ ಕರೆಯುವುದು ಅಕ್ಷರಗುಂಡು ಎಂದು. ಅದರ ಮೇಲೆ ಈಗ ರಕ್ಷಣೆಯ ಕಟ್ಟಡವಿದೆ. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅಕ್ಷರಗಳ ಮೇಲೆಯೇ ಅಂಗಡಿ ಹೂಡುತ್ತಿದ್ದರಂತೆ, ಹಾಗಾಗಿ ಆ ಹೆಸರು. ಆ ಬಂಡೆ ಬಹಳ ಸವೆದಿದೆ. ಹಾಳಾಯಿತೆಂದು ಮರುಗುವವರ ಜೊತೆ ನಾನೂ ಮರುಗುತ್ತೇನೆ. ಆದರೂ ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳು ಅಶೋಕನ ಮಾತಿನ ಮೇಲೆ ಕುಳಿತು ಬಳೆ ತೊಟ್ಟುಕೊಂಡರು ಎಂಬುದನ್ನು ನೆನೆದರೆ ಮನಸ್ಸು ಮೆತ್ತಗಾಗುತ್ತದೆ.

ಕಲ್ಲಿನಲ್ಲಿ ಏನಿದೆ? ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕ, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಶ್ರಮಪಟ್ಟೆ ಎಂದು ಚಕ್ರವರ್ತಿ ಬಾಯಿಬಿಟ್ಟು ಹೇಳಿಕೊಂಡಿದ್ದಾನೆ. ಸ್ವರ್ಗ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಶ್ರಮದಿಂದ ಪಡೆಯಬಹುದು ಎಂದಿದ್ದಾನೆ. ಇದನ್ನು ಸಾರಿದ್ದು 256 ರಾತ್ರಿ ಮನೆಯಿಂದ ಹೊರಗೆ ಪ್ರವಾಸದಲ್ಲಿ ಕಳೆದ ಮೇಲೆ. ಆ 256 ಬುದ್ಧನ ನಿರ್ವಾಣದ ನಂತರದ ವರ್ಷಗಳ ಲೆಕ್ಕವೆಂದು ಹಿಂದೆ ವಾದಿಸಿದವರಿದ್ದರು, ಈಗ ರಾತ್ರಿಗಳೆಂದೇ ಒಪ್ಪುತ್ತಾರೆ. ಆಮೇಲೆ ಬರುವುದೇ ನನ್ನನ್ನು ಅಲ್ಲಿ ಕಟ್ಟಿಹಾಕಿದ ಭಾಗ: ತಂದೆತಾಯಿಯ ಸೇವೆ ಮಾಡಬೇಕು, ಹಿರಿಯರ ಮಾತು ನಡೆಸಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳ ಜೊತೆ ತಕ್ಕಂತೆ ನಡೆದುಕೊಳ್ಳಬೇಕು. ಇದು ಹಿಂದಿನಿಂದ ಬಂದ ಪದ್ಧತಿ, ಇದರಿಂದ ದೀರ್ಘಾಯುಸ್ಸು ಎಂಬುದು ಅದರ ತಾತ್ಪರ್ಯ.

ಕಡೆಯಲ್ಲಿ ಬರೆದವನ ಸಹಿ. ಚಪಡ ಎಂಬ ಲಿಪಿಕಾರ ಬರೆದದ್ದು. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. ‘ಲಿಪಿಕರೇಣ’ ಎಂಬ ಕೊನೆಯ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಅಶೋಕನ ದೊಡ್ಡ ಶಾಸನಗಳಲ್ಲಿ ಅದು ಕಾಣುವುದು ಈಗಿನ ಪಾಕಿಸ್ತಾನದ ಶಹಬಾಜ್‌ಗಢಿ, ಮಾನ್ಸೆಹ್ರಾಗಳಲ್ಲಿ. ಇಲ್ಲಿಗೆ ಎರಡು ಸಾವಿರ ಕಿಲೋಮೀಟರಿಗೂ ದೂರ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಅಪ್ಪಣೆ ಜನರಿಗೆ ಮುಟ್ಟಲು ಅದರ ಅಗತ್ಯವೇ ಇರಲಿಲ್ಲ. ಆದರೂ ಮೂರೂ ಕಡೆ ಅವನು ಆ ಪದವನ್ನು ಹಾಗೆಯೇ ಬರೆದಿದ್ದಾನೆ.

ವಿದ್ವಾಂಸರು ಇದನ್ನು ಒಂದು ವಿಚಿತ್ರವೆಂದು ಗುರುತಿಸಿ ಮುಂದೆ ಹೋಗುತ್ತಾರೆ. ನನಗೆ ಮುಂದೆ ಹೋಗಲು ಆಗುತ್ತಿಲ್ಲ. ತನಗೆ ಎರಡು ಲಿಪಿ ಬರುತ್ತದೆಂದು ತೋರಿಸಿಕೊಂಡ ಎನ್ನುವವರಿದ್ದಾರೆ. ಇರಬಹುದು. ತೋರಿಸಿಕೊಳ್ಳುವುದಾದರೆ ಹೆಸರನ್ನೇ ಬರೆಯಬಹುದಿತ್ತಲ್ಲ? ಹೆಸರು ಈ ಸೀಮೆಯ ಲಿಪಿಯಲ್ಲಿದೆ, ಕಸುಬು ಮಾತ್ರ ಉತ್ತರದ ಲಿಪಿಯಲ್ಲಿದೆ. ಅವನು ಆ ಕಡೆಯಲ್ಲಿ ಅಕ್ಷರ ಕಲಿತು, ಕೆಲಸಕ್ಕೆಂದು ದಕ್ಷಿಣಕ್ಕೆ ಬಂದವನು ಎಂದೇ ನಾನು ನಂಬುತ್ತೇನೆ. ತಂದೆತಾಯಿಯ ಸೇವೆ ಮಾಡಿ ಎಂದು ಮೂರು ಬಂಡೆಗಳ ಮೇಲೆ ಬರೆದವನ ಅಪ್ಪ ಅಮ್ಮ ಆಗ ಎಲ್ಲಿದ್ದರು? ಅವರ ಕೈ ಹಿಡಿದವರು ಯಾರು? ಕೊನೆಯ ಐದು ಅಕ್ಷರ ಬರೆಯುವಾಗ ಅವನ ಕೈ ಊರಿನ ಕಡೆ ತಿರುಗಿತು. ಶಾಸನಶಾಸ್ತ್ರ ಇದನ್ನು ಒಪ್ಪಬೇಕಾಗಿಲ್ಲ. ಕಟ್ಟೆಯ ಮೇಲಿದ್ದವರು ಒಪ್ಪಿದರು. ‘ದುಡಿಯಾಕೆ ಬಂದಾನೆ ಪಾಪ, ಊರ ನೆನಪಾಗೈತೆ’ ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. ಅವರ ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಕಾರ್ತಿಕದಲ್ಲಿ ಈ ಕಡೆಯ ಊರುಗಳು ಹಿರಿಯರ ಊರುಗಳಾಗುತ್ತವೆ. ದೀಪಾವಳಿಗೆ ಬಂದವರು ಹಬ್ಬ ಮುಗಿಸಿ ಬಸ್ಸು ಹತ್ತಿರುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಶೇಂಗಾ ಕೈಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹರೆಯದವರು ನಿಲ್ಲುವುದಿಲ್ಲ. ಬೆಂಗಳೂರಿನ ಅಂಚಿನಲ್ಲಿ ನಿವೃತ್ತರಿಗಾಗಿ ಕಟ್ಟಿದ ವಸತಿ ಸಮುಚ್ಚಯಗಳನ್ನು ನಾನು ನೋಡಿದ್ದೇನೆ. ವೈದ್ಯರು, ಭಜನೆಯ ಕೋಣೆ, ವಾಕಿಂಗ್ ದಾರಿ, ಹೊತ್ತಿಗೆ ಸರಿಯಾಗಿ ಊಟ. ಇಲ್ಲಿ ಅದ್ಯಾವುದನ್ನೂ ಯಾರೂ ಕಟ್ಟಿಲ್ಲ. ಅರಳಿ ಮತ್ತು ಬೇವು ಜೊತೆಗೆ ಬೆಳೆದ ಒಂದು ಕಟ್ಟೆ ಇದೆ. ಬೆಳಗಿನ ಬಿಸಿಲಿಗೆ ಗಂಡಸರು, ಇಳಿಹೊತ್ತಿಗೆ ಹೆಂಗಸರು ಅಲ್ಲಿ ಸೇರುತ್ತಾರೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಎದ್ದು ಅವರ ಮನೆ ಬಾಗಿಲು ತಟ್ಟುತ್ತಾರೆ.

‘ನಿವೃತ್ತಿ ಅಂಬೋದು ಮೇಷ್ಟ್ರಿಗೆ ಮಾತ್ರ’ ಎಂದರು ಮೊಳಕಾಲ್ಮುರಿನಲ್ಲಿ ಮಗ್ಗದ ಗುಂಡಿಗೆ ಇಳಿದು ಜೀವಮಾನ ಕಳೆದ ತಾತ. ‘ನಮಗೆ ಕಣ್ಣು ಹೋದ ದಿನ ರಿಟೈರು.’ ಮೊಳಕಾಲ್ಮುರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂತು. ಎಳೆ ಕಾಣದ ಕಣ್ಣಿಗೆ ಅದರಿಂದ ಏನೂ ಬರಲಿಲ್ಲ. ಅವರಿಗೆ ಬರುವುದು ತಿಂಗಳಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ. ಅದರಲ್ಲಿ ಬಿ.ಪಿ. ಮಾತ್ರೆ, ಎಲೆ ಅಡಿಕೆ, ಮೊಬೈಲಿಗೆ ಕರೆನ್ಸಿ ಎಲ್ಲ ಆಗಬೇಕು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅಜ್ಜಿಯರು ಮಗಳ ಮನೆಗೂ ಆಸ್ಪತ್ರೆಗೂ ಯಾರನ್ನೂ ಕೇಳದೆ ಹೋಗಿಬರುತ್ತಾರೆ. ತಾತಂದಿರು ಇದನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳಿದರು.

ಅಶೋಕನಿಗೂ ಈ ಲೆಕ್ಕ ಗೊತ್ತಿತ್ತು. ಅವನ ಎಂಟನೆಯ ಬಂಡೆಗಲ್ಲು ಶಾಸನ ಧರ್ಮಯಾತ್ರೆಯ ವಿಷಯ ಹೇಳುತ್ತದೆ. ಹಿಂದಿನ ರಾಜರು ಬೇಟೆಗೆ ಹೋಗುತ್ತಿದ್ದರು, ತಾನು ಬ್ರಾಹ್ಮಣ ಶ್ರಮಣರನ್ನು ಕಾಣಲು, ಮುದುಕರನ್ನು ಕಂಡು ಅವರಿಗೆ ಹೊನ್ನು ಕೊಡಲು ಹೋಗುತ್ತೇನೆ ಎಂದು. ನನ್ನ ಗಮನ ಹೊನ್ನಿಗಿಂತ ‘ಕಾಣುವುದು’ ಎಂಬ ಮಾತಿನ ಮೇಲೆ ನಿಂತಿತು. ಪಿಂಚಣಿ ಈಗ ಖಾತೆಗೆ ಬರುತ್ತದೆ, ಒಳ್ಳೆಯದೇ. ಕಾಣಲು ಬರುವವರು ಯಾರು?

2007ರಲ್ಲಿ ಸಂಸತ್ತು ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾಯ್ದೆ ಮಾಡಿತು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಪಡೆಯಬಹುದು. ನೋಡಿಕೊಳ್ಳುತ್ತೇನೆಂದು ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವೇ ರದ್ದಾಗಬಹುದು. ಬೇಕಾದ ಕಾಯ್ದೆ, ಹಿರಿಯರೆಲ್ಲ ತಿಳಿದಿರಬೇಕಾದದ್ದು. ಅದನ್ನು ವಿವರಿಸಿದಾಗ ಕಟ್ಟೆ ಸುಮ್ಮನಾಯಿತು. ಕೊನೆಗೆ ಅಜ್ಜಿ ಕೇಳಿದರು: ‘ಮಗನ ಮ್ಯಾಲೆ ಅರ್ಜಿ ಕೊಡಾದಾ? ಹೆತ್ತ ಹೊಟ್ಟೆ ಕಣವ್ವ.’ ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಅಷ್ಟರಲ್ಲಿ ದನಗಳು ಬಂದವು. ಈ ಸೀಮೆಯ ಮ್ಯಾಸನಾಯಕರಲ್ಲಿ ದೇವರ ಎತ್ತುಗಳ ಪದ್ಧತಿಯಿದೆ. ದೇವರ ಹೆಸರಿಗೆ ಬಿಟ್ಟ ದನಗಳನ್ನು ಮಾರುವಂತಿಲ್ಲ, ಸತ್ತರೆ ಹೂಳುತ್ತಾರೆ. ಕಾಯುವವನು ಕಿಲಾರಿ. ಈ ಎತ್ತುಗಳನ್ನು ಜನ ಕರೆಯುವುದು ಮುತ್ತಯ್ಯಗಳು ಎಂದು. ಮುತ್ತಯ್ಯ ಎಂದರೆ ತಾತನ ಅಪ್ಪ! ಬೆನ್ನು ಬಾಗಿದ, ಕೊಂಬು ಸವೆದ ಒಂದು ಎತ್ತು ಎಲ್ಲಕ್ಕಿಂತ ಹಿಂದೆ ನಿಧಾನವಾಗಿ ಬರುತ್ತಿತ್ತು, ಕಿಲಾರಿಯೂ ಅದರ ನಡಿಗೆಗೆ ತಕ್ಕಂತೆ ನಿಧಾನವಾಗಿ ಬರುತ್ತಿದ್ದ. ಬ್ರಹ್ಮಗಿರಿ ಶಾಸನದ ಹತ್ತಿರದ ಹಳ್ಳಿಯ ಹೆಸರು ರೊಪ್ಪ. ರೊಪ್ಪ ಎಂದರೆ ದನ ಕುರಿ ಕೂಡುವ ಜಾಗ. ಪ್ರಾಣಿಗಳಲ್ಲಿ ದಯೆ ಇರಲಿ ಎಂಬ ಮಾತನ್ನು ಕಲ್ಲಿನಲ್ಲಿ ಓದದೆಯೇ ನಡೆಸಿಕೊಂಡು ಬಂದ ಜನ ಇವರು. ಮೇವಿಗೆ ಮಾತ್ರ ಪ್ರತಿ ವರ್ಷ ಪರದಾಟ. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಕೈಸೇರಿದೆ. ದೇಶಕ್ಕೆ ವಿಜ್ಞಾನ ಬೇಕು, ನಿಜ. ಹುಲ್ಲುಗಾವಲು ಕಳೆದುಕೊಂಡವರ ಮಾತನ್ನು ಸರಿಯಾಗಿ ಕೇಳಿದ್ದರೆ ಚೆನ್ನಾಗಿತ್ತು.

ಕತ್ತಲಾಗುತ್ತಲೇ ಬೆಟ್ಟದ ಬುಡದ ಸಿದ್ದೇಶ್ವರನ ಗುಡಿಗೆ ದೀಪ ಹಚ್ಚಲು ಹೊರಟೆವು. ‘ಲಗೂನ ಬರಬೇಕು, ಕರಡಿ ಇಳಿತಾವೆ’ ಎಂದು ಎಚ್ಚರಿಸಿದರು. ಶೇಂಗಾದ ಕಾಲದಲ್ಲಿ ಕರಡಿಗಳಿಗೂ ಹೊಲದ ದಾರಿ ಗೊತ್ತು. ತಾತನ ಕೈಯನ್ನು ಮೇಷ್ಟ್ರು ಹಿಡಿದಿದ್ದರು. ಅಜ್ಜಿಯ ಸೆರಗಿನ ಮರೆಯಲ್ಲಿ ಎಣ್ಣೆಯ ಬಟ್ಟಲಿತ್ತು. ದೂರದಲ್ಲಿ ಜಟಿಂಗ ರಾಮೇಶ್ವರ ಬೆಟ್ಟ ಕಪ್ಪಗೆ ಕಾಣುತ್ತಿತ್ತು. ಸೀತೆಯನ್ನು ಬಿಡಿಸಿಕೊಳ್ಳಲು ರಾವಣನ ಜೊತೆ ಹೋರಾಡಿದ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಅಲ್ಲೇ ಎಂದು ಇವರ ನಂಬಿಕೆ. ‘ಜಟಾಯೂನೂ ಮುದುಕನೇ’ ಎಂದರು ತಾತ. ‘ಆ ವಯಸ್ಸಿನಾಗೆ ಎದ್ದು ನಿಂತಿದ್ದು ಅವನೊಬ್ನೇ.’ ರಾಮಾಯಣದ ಹದ್ದಿಗೆ ವಯಸ್ಸಾಗಿತ್ತೆಂಬುದು ನನಗೂ ಗೊತ್ತಿತ್ತು, ಅದು ಮುಖ್ಯವೆಂದು ಹೊಳೆದಿರಲಿಲ್ಲ.

ಗುಡಿಯ ಮುಂದೆ ಸಾಲಾಗಿ ಹಣತೆ ಇಟ್ಟರು. ಪ್ರತಿ ದೀಪಕ್ಕೂ ಒಂದು ಹೆಸರು. ಇದು ದೊಡ್ಡ ಮಗಂದು, ಇದು ಅವನ ಮಗಳದು, ಇದು ಹೋದ ವರ್ಷ ತೀರಿಕೊಂಡ ಪಕ್ಕದ ಮನೆಯವಳದು. ತಮ್ಮ ಹೆಸರಿಗೆ ಯಾರೂ ಹಚ್ಚಲಿಲ್ಲ. ನಾನು ಕೇಳಿದ್ದಕ್ಕೆ ಅಜ್ಜಿ, ‘ನಮ್ದು ಅವರು ಹಚ್ಚಬೇಕು’ ಎಂದರು. ಭಜನೆಗೆ ಹಾರ್ಮೋನಿಯಂ ಇತ್ತು, ನುಡಿಸುವವನು ತುಮಕೂರಿನಲ್ಲಿ ಕೆಲಸಕ್ಕಿದ್ದಾನೆ. ತಾಳ ಹಿಡಿದು ಹಾಡಿದರು. ನಡುವೆ ಒಂದು ಮೊಬೈಲು ಮೊಳಗಿತು. ತಾತ ಎದ್ದು ಆಚೆ ಹೋಗಿ, ‘ಉಂಡ್ಯಾ? ಚಳಿ ಐತಾ ಅಲ್ಲಿ?’ ಎಂದು ಕೇಳಿ ತಿರುಗಿ ಬಂದು ಕುಳಿತರು. ತಮ್ಮ ಕಣ್ಣಿನ ಸುದ್ದಿ ಹೇಳಲಿಲ್ಲ.

ಬರುವಾಗ ಕಟ್ಟೆಯ ಚಪ್ಪಡಿಗೆ ಟಾರ್ಚು ಬಿಟ್ಟು ನೋಡಿದೆ. ಸೀಮೆಸುಣ್ಣದ ಐದು ಅಕ್ಷರ ಹಾಗೆಯೇ ಇದ್ದವು.

ಅಕ್ಷರಗುಂಡು ನೋಡಲು ಹೋಗುವವರು ದಯವಿಟ್ಟು ಇಳಿಹೊತ್ತಿಗೆ ತಲುಪುವಂತೆ ಹೋಗಿ, ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತು ಬನ್ನಿ. ನಿಮ್ಮ ಅಪ್ಪ ಅಮ್ಮ ಇಂಥದೇ ಯಾವುದಾದರೂ ಕಟ್ಟೆಯ ಮೇಲಿದ್ದರೆ ಮೊದಲು ಅಲ್ಲಿಗೆ ಹೋಗಿ. ಕೈಯಲ್ಲಿ ಒಂದಿಷ್ಟು ಎಣ್ಣೆ ಇರಲಿ, ಅವರ ಹೆಸರಿನ ದೀಪವನ್ನು ನೀವು ಹಚ್ಚಬೇಕು.