ಟೋಪಿಯ ಗರಿಯೂ ಪ್ರಾಂತದ ಸಂಘವೂ

ಹೆಂಗಸರ ಉಡಿಗೆ ತೊಡಿಗೆಯ ವಿಚಾರವನ್ನೆತ್ತಿ ಬರೆಯಹೊರಡುವವನು ಮೊದಲು ತನ್ನ ಮನೆಯವರಲ್ಲಿ ಕ್ಷಮೆ ಬೇಡಿಕೊಂಡು ಆಮೇಲೆ ಲೇಖನಿಯನ್ನು ಹಿಡಿಯುವುದು ಲೇಸು. ಆದರೆ ನಾವಿಲ್ಲಿ ಹೇಳಹೊರಟಿರುವ ವೃತ್ತಾಂತದಲ್ಲಿ ತಪ್ಪಿಗೆ ಕಾರಣರಾದವರೂ ಹೆಂಗಸರೇ, ಅದನ್ನು ತಿದ್ದಿದವರೂ ಹೆಂಗಸರೇ; ನಡುವೆ ನಿಂತು ಹಣ ಗಳಿಸಿದವರು ಮಾತ್ರ ಬಹುಮಟ್ಟಿಗೆ ಗಂಡಸರು. ಆದಕಾರಣ ವಾಚಕಿಯರು ಕೋಪಿಸಿಕೊಳ್ಳದೆ ಕಡೆಯವರೆಗೆ ಓದುವರೆಂದು ನಂಬಿದ್ದೇವೆ.

1886ನೆಯ ಇಸವಿಯಲ್ಲಿ ಫ್ರಾಂಕ್ ಚ್ಯಾಪ್ಮನ್ ಎಂಬ ಪಕ್ಷಿಪ್ರಿಯರು ನ್ಯೂಯಾರ್ಕ್ ಪಟ್ಟಣದ ಬೀದಿಗಳಲ್ಲಿ ಎರಡು ಬಾರಿ ಸುತ್ತಾಡಿ, ತಮಗೆ ಎದುರಾದ ಸ್ತ್ರೀಯರ ಟೋಪಿಗಳನ್ನು ಎಣಿಸಿದರು. ಒಟ್ಟು 700 ಟೋಪಿಗಳು. ಅವುಗಳಲ್ಲಿ 542ರ ಮೇಲೆ ಗರಿಯೋ ರೆಕ್ಕೆಯೋ, ಕೆಲವೆಡೆ ಹೊಟ್ಟೆಗೆ ಹತ್ತಿ ತುಂಬಿದ ಇಡಿಯ ಹಕ್ಕಿಯೋ ಕುಳಿತಿದ್ದಿತು. ಸುಮಾರು 40 ಜಾತಿಯ ಹಕ್ಕಿಗಳನ್ನು ಅವರು ಗುರುತಿಸಿದರಂತೆ. ಪಕ್ಷಿಗಳನ್ನು ನೋಡಲು ಕಾಡಿಗೆ ಹೋಗುವುದು ಲೋಕದ ರೂಢಿ; ಈ ಪುಣ್ಯಾತ್ಮರು ಅಂಗಡಿಬೀದಿಗೆ ಹೋದರು.

ಈ ಗರಿಗಳಲ್ಲಿ ಅತಿ ಬೆಲೆಯುಳ್ಳದ್ದು ಬೆಳ್ಳಕ್ಕಿಯದು. ನಮ್ಮ ಗದ್ದೆಗಳಲ್ಲಿ ನೇಗಿಲಿನ ಹಿಂದೆ ನಡೆಯುವ ಬೆಳ್ಳಕ್ಕಿಯ ಸೋದರ ಬಳಗದವೇ ಅಮೆರಿಕದ ಬೆಳ್ಳಕ್ಕಿಗಳು. ಮೊಟ್ಟೆಯಿಟ್ಟು ಮರಿಮಾಡುವ ಕಾಲದಲ್ಲಿ ಮಾತ್ರ ಈ ಹಕ್ಕಿಯ ಬೆನ್ನ ಮೇಲೆ ನೂಲಿನಂತೆ ನವುರಾದ, ಉದ್ದನೆಯ ಗರಿಗಳು ಮೂಡುವುವು; ಋತು ಕಳೆದರೆ ಉದುರಿಹೋಗುವುವು. ಬೇಟೆಗಾರನಿಗೆ ಬೇಕಾದದ್ದು ಆ ಗರಿ. ಆದುದರಿಂದ ಅವನು ಗೂಡಿನ ಬಳಿಯಲ್ಲಿಯೇ, ಮರಿಗಳ ಎದುರಿನಲ್ಲಿಯೇ ತಾಯಿತಂದೆಗಳನ್ನು ಹೊಡೆದು, ಬೆನ್ನಿನ ಚರ್ಮವನ್ನಷ್ಟೆ ಸುಲಿದುಕೊಂಡು, ಉಳಿದ ದೇಹವನ್ನು ಬಿಸುಟುಹೋಗುವನು. ಮೇಲೆ ಗೂಡಿನಲ್ಲಿ ಮರಿಗಳು ಬಾಯಿ ತೆರೆದುಕೊಂಡು ಹಸಿವಿನಿಂದ ಸಾಯುವುವು. ಹೀಗೆ ಒಂದು ಗುಂಡಿಗೆ ಒಂದು ಸಂಸಾರವೇ ತೀರಿಹೋಗುವುದು. ಒಂದು ಔನ್ಸು ಗರಿಗೆ, ಎಂದರೆ ನಮ್ಮ ಸುಮಾರು ಎರಡೂವರೆ ತೊಲಕ್ಕೆ, ನಾಲ್ಕು ಹಕ್ಕಿಗಳು ಬೇಕು. 1903ರಲ್ಲಿ ಆ ಔನ್ಸಿಗೆ 32 ಡಾಲರು ಬೆಲೆಯಿದ್ದಿತು. ಅದೇ ತೂಕದ ಬಂಗಾರಕ್ಕೆ ಅಷ್ಟಿರಲಿಲ್ಲ.

ಇದನ್ನು ತಡೆಯಬೇಕೆಂದು ಮೊದಲು ಹೊರಟವರು ಜಾರ್ಜ್ ಬರ್ಡ್ ಗ್ರಿನ್ನೆಲ್ ಎಂಬ ಪತ್ರಿಕಾ ಸಂಪಾದಕರು. ಪಕ್ಷಿಗಳ ಚಿತ್ರಗಳನ್ನು ಬರೆದು ಪ್ರಸಿದ್ಧರಾಗಿದ್ದ ಆಡುಬಾನ್ ಅವರ ಹೆಸರಿನಲ್ಲಿ ಅವರು 1886ರಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ಸದಸ್ಯರಾಗಿರೆಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಪಕಾಲದಲ್ಲಿಯೇ ಸುಮಾರು 39,000 ಮಂದಿ ಹೆಸರು ಕೊಟ್ಟರು. ಇಷ್ಟು ಜನ ಸೇರಿದರೆ ಸಂಘವು ಬೆಳೆಯಬೇಕಲ್ಲವೆ? ಬೆಳೆಯಲಿಲ್ಲ. ಪತ್ರಗಳಿಗೆ ಉತ್ತರ ಬರೆಯುವವರೂ ಸದಸ್ಯರಿಗೆ ಕೆಲಸ ಹೇಳುವವರೂ ಒಂದೇ ಕಚೇರಿಯಲ್ಲಿದ್ದರು. ಊರೂರಿನಲ್ಲಿ ಹೊಣೆ ಹೊರುವವರಿರಲಿಲ್ಲ. ಎರಡು ಮೂರು ವರ್ಷಗಳೊಳಗಾಗಿ ಸಂಘವು ತನ್ನ ಭಾರವನ್ನು ತಾನೇ ತಾಳಲಾರದೆ ಮುಚ್ಚಿಹೋಯಿತು. ಬೇರಿಲ್ಲದ ಮರಕ್ಕೆ ಎಷ್ಟು ಎಲೆ ಬಿಟ್ಟರೇನು!

ಹತ್ತು ವರ್ಷಗಳ ಮೇಲೆ, 1896ರಲ್ಲಿ, ಬಾಸ್ಟನ್ ನಗರದ ಸಿರಿವಂತರ ಮನೆತನದ ಹ್ಯಾರಿಯೆಟ್ ಹೆಮೆನ್‌ವೇ ಎಂಬ ಗೃಹಿಣಿಯು ಬೆಳ್ಳಕ್ಕಿಗಳ ಬೇಟೆಯ ವರ್ಣನೆಯೊಂದನ್ನು ಓದಿದರು. ಓದಿ ಮರುಗಿ ಸುಮ್ಮನಾಗುವುದು ನಮ್ಮ ನಿಮ್ಮಂಥವರ ಪದ್ಧತಿ. ಅವರು ತಮ್ಮ ಬಂಧುವಾದ ಮಿನ್ನಾ ಹಾಲ್ ಅವರನ್ನು ಕರೆಸಿಕೊಂಡರು. ಊರಿನ ಗಣ್ಯ ಮನೆತನಗಳ ಹೆಸರು ವಿಳಾಸಗಳಿದ್ದ ಪುಸ್ತಕವನ್ನು ಮುಂದಿಟ್ಟುಕೊಂಡು, ಯಾರ ಯಾರ ಮನೆಯವರು ಗರಿಯ ಟೋಪಿಯನ್ನು ಧರಿಸುವರೋ ಆ ಹೆಸರುಗಳಿಗೆ ಗುರುತು ಹಾಕಿದರು. ಆಮೇಲೆ ಆ ಸ್ತ್ರೀಯರನ್ನೆಲ್ಲ ಚಹಾಕ್ಕೆ ಆಹ್ವಾನಿಸತೊಡಗಿದರು. ನಮ್ಮಲ್ಲಿ ಅರಿಸಿನ ಕುಂಕುಮಕ್ಕೆ ಕರೆದರೆ ಬಾರದಿರುವವರುಂಟೆ? ಅಲ್ಲಿಯ ಚಹಾವೂ ಹಾಗೆಯೇ. ಬಂದವರ ಮುಂದೆ ಗೂಡಿನ ಮರಿಗಳ ಕಥೆಯನ್ನು ಹೇಳಿ, ಇನ್ನು ಮುಂದೆ ಗರಿಯನ್ನು ಧರಿಸುವುದಿಲ್ಲವೆಂದು ಮಾತು ತೆಗೆದುಕೊಂಡರು. ಈ ಬಗೆಯಲ್ಲಿ ಸುಮಾರು 900 ಮಂದಿ ಸ್ತ್ರೀಯರು ಸೇರಿದರು; ಮಸಾಚುಸೆಟ್ಸ್ ಪ್ರಾಂತದ ಆಡುಬಾನ್ ಸಂಘವು ಹುಟ್ಟಿತು. ಮರುವರ್ಷವೇ, 1897ರಲ್ಲಿ, ಆ ಪ್ರಾಂತದಲ್ಲಿ ಕಾಡುಹಕ್ಕಿಯ ಗರಿಗಳ ವ್ಯಾಪಾರವನ್ನು ನಿಷೇಧಿಸುವ ಶಾಸನವೂ ಆಯಿತು.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸು ಒಪ್ಪದು. ಮನೆಮನೆ ತಿರುಗಿ ಸಂಘವನ್ನು ಕಟ್ಟಿದವರು ಇಬ್ಬರು ಸ್ತ್ರೀಯರು. ಅಧ್ಯಕ್ಷರಾದವರು ವಿಲಿಯಂ ಬ್ರೂಸ್ಟರ್ ಎಂಬ ಪುರುಷರು. ಬ್ರೂಸ್ಟರ್ ಅವರು ದೊಡ್ಡ ಪಕ್ಷಿಶಾಸ್ತ್ರಜ್ಞರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸ್ತ್ರೀಯರಿಗೆ ಇನ್ನೂ ಮತದ ಹಕ್ಕಿಲ್ಲದ ಆ ಕಾಲದಲ್ಲಿ, ಶಾಸನಸಭೆಯವರು ಗಂಡಸಿನ ಹೆಸರನ್ನು ಕಂಡರಷ್ಟೆ ಕಾಗದವನ್ನು ಬಿಚ್ಚಿ ಓದುವರೆಂದು ಆ ಜಾಣೆಯರು ತಿಳಿದಿದ್ದರೆಂದು ತೋರುವುದು. ಪದವಿಯನ್ನು ಬಿಟ್ಟುಕೊಟ್ಟರು, ಕೆಲಸವನ್ನು ಬಿಡಲಿಲ್ಲ.

ಬಾಸ್ಟನ್ನಿನ ಮಾದರಿಯನ್ನು ಕಂಡು ಒಂದೊಂದು ಪ್ರಾಂತದವರೂ ತಮ್ಮ ತಮ್ಮ ಸಂಘವನ್ನು ಕಟ್ಟಿಕೊಂಡರು. ಪೆನ್ಸಿಲ್ವೇನಿಯಾದಲ್ಲಿ ಅದೇ 1896ರಲ್ಲಿ; ಕನೆಕ್ಟಿಕಟ್‌ನಲ್ಲಿ 1898ರಲ್ಲಿ. ಕನೆಕ್ಟಿಕಟ್ ಸಂಘದ ಅಧ್ಯಕ್ಷತೆಯನ್ನು ಮೇಬಲ್ ಆಸ್ಗುಡ್ ರೈಟ್ ಎಂಬ ಲೇಖಕಿಯು ತಾವೇ ವಹಿಸಿಕೊಂಡು ದೀರ್ಘಕಾಲ ನಡೆಸಿದರು. 1914ರಲ್ಲಿ ಫೇರ್‌ಫೀಲ್ಡ್ ಎಂಬಲ್ಲಿ ಹಾಡುಹಕ್ಕಿಗಳಿಗಾಗಿಯೇ ಒಂದು ವನವನ್ನು ಏರ್ಪಡಿಸಿದರು. 1905ರ ಜನವರಿಯಲ್ಲಿ ಈ ಪ್ರಾಂತ ಸಂಘಗಳೆಲ್ಲ ಕೂಡಿ ವಿಲಿಯಂ ಡಚರ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಮಂಡಲಿಯಾಯಿತು. ಗ್ರಿನ್ನೆಲ್ ಅವರ ಸಂಘವು ನೆತ್ತಿಯಿಂದ ಕೆಳಕ್ಕೆ ಬೆಳೆಯಲು ಹೋಗಿ ಒಣಗಿತು. ಇದು ಬುಡದಿಂದ ಮೇಲಕ್ಕೆ ಬೆಳೆದುದರಿಂದ ಇಂದಿಗೂ ನಿಂತಿದೆ.

ಬಾಸ್ಟನ್ನಿನ ಚಹಾಕೂಟದಲ್ಲಿ ಸಂಘವನ್ನು ನಡೆಸುವುದು ಒಂದು ಬಗೆ. ಗರಿಯನ್ನು ಕೀಳುವ ನೆಲದಲ್ಲಿಯೇ ನಡೆಸುವುದು ಇನ್ನೊಂದು ಬಗೆ. ದಕ್ಷಿಣದ ತುದಿಯ ಫ್ಲಾರಿಡಾ ಪ್ರಾಂತವು ಜೌಗು, ಹಿನ್ನೀರು, ಕಾಂಡ್ಲ ಕಾಡುಗಳ ನಾಡು. ಬೆಳ್ಳಕ್ಕಿಗಳ ದೊಡ್ಡ ದೊಡ್ಡ ಗೂಡುತಾಣಗಳಿದ್ದುದು ಅಲ್ಲಿ. ಅಲ್ಲಿಯ ಬಡವರಿಗೆ ಗರಿಯೆಂದರೆ ಕೈಗೆ ಬರುವ ರೊಕ್ಕ. ಅವರ ನಡುವೆ ಕುಳಿತು ಹಕ್ಕಿಯನ್ನು ಕೊಲ್ಲಬೇಡಿರೆಂದು ಹೇಳಬೇಕು. 1900ರ ಮಾರ್ಚಿಯಲ್ಲಿ ಮೇಟ್ಲೆಂಡ್ ಎಂಬ ಊರಿನ ಡಾಮ್ರಿಕ್ ದಂಪತಿಗಳ ಮನೆಯಲ್ಲಿ ಕೆಲವೇ ಮಂದಿ ಸೇರಿ ಫ್ಲಾರಿಡಾ ಸಂಘವನ್ನು ಸ್ಥಾಪಿಸಿದರು. ವಯೋವೃದ್ಧರಾದ ಬಿಷಪ್ ವಿಪ್ಪಲ್ ಅವರು ಅಧ್ಯಕ್ಷರಾದರು. ಕ್ಲಾರಾ ಡಾಮ್ರಿಕ್ ಅವರು ಆ ವರ್ಷವೇ ತೀರಿಕೊಂಡರು. ಲಾರಾ ಮಾರ್ಸ್ ಅವರೇ ಮೊದಲಾದ ಸ್ತ್ರೀಯರು ಕಾರ್ಯಭಾರವನ್ನು ಹೊತ್ತರು. ಮೇರಿ ಮನ್ರೋ ಎಂಬಾಕೆಯು ಬೀದಿಯಲ್ಲಾಗಲಿ ಹೋಟೆಲಿನಲ್ಲಾಗಲಿ ಗರಿಯ ಟೋಪಿಯವರನ್ನು ಕಂಡರೆ, ಗುರುತು ಪರಿಚಯವಿಲ್ಲದಿದ್ದರೂ, ತಡೆದು ನಿಲ್ಲಿಸಿ ಬುದ್ಧಿ ಹೇಳದೆ ಬಿಡುತ್ತಿರಲಿಲ್ಲವೆಂದು ಪ್ರತೀತಿ. ಇಂಥವರೊಬ್ಬರು ಸಂಘಕ್ಕೆ ಅವಶ್ಯ, ಇಬ್ಬರಾದರೆ ಕಷ್ಟ.

1901ರಲ್ಲಿ ಫ್ಲಾರಿಡಾದ ಶಾಸನಸಭೆಯು ಪಕ್ಷಿರಕ್ಷಣೆಯ ಕಾನೂನನ್ನು ಮಾಡಿತು. ಆದರೆ ಕಾಗದದ ಮೇಲಿನ ಕಾನೂನನ್ನು ಜೌಗಿನೊಳಕ್ಕೆ ಒಯ್ಯುವವರು ಯಾರು? ಸರಕಾರದ ಕಾವಲುಗಾರರಿರಲಿಲ್ಲ. ಪಕ್ಷಿಶಾಸ್ತ್ರಜ್ಞರ ಒಕ್ಕೂಟವು ಕೂಡಿಸಿದ ನಿಧಿಯಿಂದ ಸಂಬಳ ಕೊಡುವುದೆಂದೂ, ಆಳನ್ನು ಪ್ರಾಂತದವರು ಗೊತ್ತುಮಾಡಬೇಕೆಂದೂ ನಿಶ್ಚಯವಾಯಿತು. ಸಂಘದವರು ಸೂಚಿಸಿದ ಹೆಸರು ಗೈ ಬ್ರಾಡ್ಲಿ. ಫ್ಲೆಮಿಂಗೋ ಎಂಬ ಕುಗ್ರಾಮದ ತರುಣ. ಬಾಲ್ಯದಲ್ಲಿ ತಾನೇ ಗರಿಬೇಟೆಗಾರರಿಗೆ ದಾರಿ ತೋರಿದ್ದವನು. ಆ ನೀರಿನ ಪ್ರತಿಯೊಂದು ಕವಲೂ ಅವನಿಗೆ ಗೊತ್ತು. ಕಳ್ಳತನದಲ್ಲಿ ಬೇಟೆಯಾಡುವವರ ಹೆಸರುಗಳೂ ಗೊತ್ತು, ಏಕೆಂದರೆ ಅವರೆಲ್ಲರೂ ಅವನ ನೆರೆಯವರು. 1902ರಿಂದ ತಿಂಗಳಿಗೆ 35 ಡಾಲರಿನ ಮೇಲೆ ಅವನು ಕಾವಲಿಗೆ ನಿಂತನು.

1905ನೆಯ ಜುಲೈ 8ರ ಬೆಳಗ್ಗೆ ಅವನ ಮನೆಗೆ ಗುಂಡಿನ ಸದ್ದು ಕೇಳಿಸಿತು. ಎದುರಿನ ನಡುಗಡ್ಡೆಯ ಗೂಡುತಾಣದ ಬಳಿ ಪರಿಚಿತನಾದ ಬೇಟೆಗಾರನೊಬ್ಬನ ಹಡಗು ನಿಂತಿದ್ದಿತು. ಬ್ರಾಡ್ಲಿಯು ತನ್ನ ಸಣ್ಣ ದೋಣಿಯಲ್ಲಿ ಒಬ್ಬನೇ ಹೊರಟು, ಆ ಬೇಟೆಗಾರನ ಮಗನನ್ನು ದಸ್ತಗಿರಿ ಮಾಡುವೆನೆಂದನು. ತಂದೆಯು ಗುಂಡು ಹಾರಿಸಿದನು. ಮರುದಿನ ಅಲೆಗಳ ಮೇಲೆ ತೇಲುತ್ತ ಹೋಗಿದ್ದ ದೋಣಿಯು ಸಿಕ್ಕಿತು. ಅದರಲ್ಲಿ ಅವನ ಶವವಿದ್ದಿತು. ಬ್ರಾಡ್ಲಿಯೇ ಮೊದಲು ಹೊಡೆದನೆಂದು ಕೊಂದವನು ಹೇಳಿಕೊಂಡನು. ಬ್ರಾಡ್ಲಿಯ ಪಿಸ್ತೂಲಿನಿಂದ ಒಂದು ಗುಂಡೂ ಹಾರಿರಲಿಲ್ಲವೆಂದು ನೋಡಿದವರು ಹೇಳಿದರು. ಆದರೂ ಪಂಚರು ಆಪಾದನೆಯನ್ನೇ ಹೊರಿಸಲೊಪ್ಪದೆ ಅವನನ್ನು ಬಿಟ್ಟುಬಿಟ್ಟರು.

ಮನೆಯಲ್ಲಿ ಎಳೆಯ ವಯಸ್ಸಿನ ಹೆಂಡತಿ, ಇಬ್ಬರು ಚಿಕ್ಕ ಗಂಡುಮಕ್ಕಳು. ಪ್ರಾಂತದ ಸಂಘವನ್ನು ನಡೆಸುವವರ ನಿಜವಾದ ಪರೀಕ್ಷೆಯು ಇಂಥ ದಿವಸ ಬರುವುದು. ಭಾಷಣಕ್ಕೆ ಚಪ್ಪಾಳೆ ತಟ್ಟಿದವರು ಎಷ್ಟೆಂಬುದು ಬೇರೆ; ತಾವು ಕೆಲಸಕ್ಕಿಟ್ಟ ಮನುಷ್ಯನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು ಬೇರೆ. ಸಂಘದವರು ಚಂದಾ ಎತ್ತಿ, ಆ ವಿಧವೆಗೆ ಕೀ ವೆಸ್ಟ್ ಪಟ್ಟಣದಲ್ಲಿ ಒಂದು ಮನೆಯನ್ನು ಕೊಂಡುಕೊಟ್ಟರು; ಕೇಪ್ ಸೇಬಲ್ ತೀರದಲ್ಲಿ ಅವನ ಸಮಾಧಿಗೆ ಕಲ್ಲನ್ನು ನಿಲ್ಲಿಸಿದರು. ಇನ್ನೂ ಮೂರು ವರ್ಷಗಳಿಗೆ, 1908ರಲ್ಲಿ, ಫ್ಲಾರಿಡಾದಲ್ಲಿ ಒಬ್ಬ ಕಾವಲುಗಾರನೂ ದಕ್ಷಿಣ ಕೆರೋಲಿನಾದಲ್ಲಿ ಒಬ್ಬನೂ ಇದೇ ಕೆಲಸದಲ್ಲಿ ಪ್ರಾಣವನ್ನು ಕಳೆದುಕೊಂಡರು. ಬಂದೂಕಿನೆದುರಿಗೆ ಇನ್ನೊಬ್ಬ ಬಡವನನ್ನು ನಿಲ್ಲಿಸಿ, ತಾವು ಮನೆಯಲ್ಲಿ ಕುಳಿತು ನಿರ್ಣಯಗಳನ್ನು ಬರೆಯುವುದು ನ್ಯಾಯವೆ? ಆ ಸಂಘದ ಸ್ತ್ರೀಯರಿಗೆ ಈ ಪ್ರಶ್ನೆಯು ಹೊಳೆಯದೆ ಇದ್ದಿರಲಾರದು. ಗರಿಯನ್ನು ಕೊಳ್ಳುವವರಿರುವವರೆಗೂ ಕೀಳುವವರಿರುವರು. ಆದುದರಿಂದ ಜೌಗಿನ ಕಾವಲಿಗಿಂತ ಪೇಟೆಯ ಅಂಗಡಿಯನ್ನು ಮುಚ್ಚಿಸುವುದೇ ಮುಖ್ಯವೆಂಬುದು ಎಲ್ಲರಿಗೂ ಸ್ಪಷ್ಟವಾಯಿತು. 1910ರಲ್ಲಿ ಟೋಪಿ ವ್ಯಾಪಾರದ ತವರಾದ ನ್ಯೂಯಾರ್ಕ್ ಪ್ರಾಂತವು ಗರಿಯ ಮಾರಾಟವನ್ನು ನಿಷೇಧಿಸಿತು; 1913ರಲ್ಲಿ ಪರದೇಶದ ಗರಿಗಳ ಆಮದು ನಿಂತಿತು; 1918ರಲ್ಲಿ ವಲಸೆಹಕ್ಕಿಗಳ ರಕ್ಷಣೆಯ ಶಾಸನವು ದೇಶಕ್ಕೆಲ್ಲ ಅನ್ವಯಿಸುವಂತಾಯಿತು.

ಪರದೇಶದ ಗರಿಗಳೆಂದೆವಷ್ಟೆ, ಅವುಗಳಲ್ಲಿ ನಮ್ಮ ದೇಶದವೂ ಇದ್ದುವು. ಕಾಡುಹಕ್ಕಿಗಳ ಗರಿಗಳನ್ನು ಹೊರಕ್ಕೆ ಸಾಗಿಸಕೂಡದೆಂದು ಭಾರತ ಸರಕಾರವು 1902ರಲ್ಲಿಯೇ ಆಜ್ಞೆಮಾಡಿದ್ದಿತು. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಯಾವ ಸಂಘವೂ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ, ಊರ ನಡುವಿನ ಹುಣಿಸೆ ಆಲದ ಮರಗಳ ಮೇಲೆ ಗೂಡುಕಟ್ಟಲು ಬರುವ ಕೊಕ್ಕರೆ ಹೆಜ್ಜಾರ್ಲೆಗಳನ್ನು, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಕಾಪಾಡಿಕೊಂಡು ಬಂದಿದ್ದಾರೆ. ಬಾಣಂತಿಯ ಕೋಣೆಗೆ ನುಗ್ಗಿ ಗರಿಯನ್ನು ಕೀಳುವವನು ಅಲ್ಲಿ ಹೇಗೆ ಬರಬೇಕು! ಆದರೆ ಇಂಥ ಭಾವನೆಯಿಲ್ಲದ ಊರುಗಳೇ ಲೋಕದಲ್ಲಿ ಹೆಚ್ಚು; ಅಲ್ಲಿ ಸಂಘ, ಚಂದಾ, ಕಾನೂನುಗಳೇ ಗತಿ.

ಮತ್ತೊಬ್ಬರ ವಿಷಯವನ್ನು ಹೇಳಲೇಬೇಕು. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಊರಿನಲ್ಲಿ ಕ್ಯಾಥರೀನ್ ಟಿಪೆಟ್ಸ್ ಎಂಬವರಿದ್ದರು. 1909ರಲ್ಲಿ ಪತಿಯು ತೀರಿಕೊಂಡರು. ನಾಲ್ಕು ಮಂದಿ ಮಕ್ಕಳು. ಜೀವನಕ್ಕೆ ಒಂದು ಹೋಟೆಲು. ಆ ದುಃಖದ ವರ್ಷದಲ್ಲಿಯೇ ಅವರು ಊರಿನ ಆಡುಬಾನ್ ಶಾಖೆಯನ್ನು ಪ್ರಾರಂಭಿಸಿ, 33 ವರ್ಷಗಳ ಕಾಲ ಅದರ ಅಧ್ಯಕ್ಷೆಯಾಗಿದ್ದರು. ಮೂವತ್ತಮೂರು ವರ್ಷಗಳ ಸಭೆಗಳೆಂದರೇನೆಂಬುದು, ಒಂದು ವರ್ಷ ಯಾವುದಾದರೂ ಸಂಘದ ಕಾರ್ಯದರ್ಶಿಯಾಗಿದ್ದವರಿಗೆ ಮಾತ್ರ ತಿಳಿಯುವುದು: ಬಾರದ ಚಂದಾ, ಬಾರದ ಸದಸ್ಯರು, ಬಂದು ಜಗಳವಾಡುವ ಸದಸ್ಯರು. 1920ರಿಂದ 1924ರವರೆಗೆ ಇಡಿಯ ಪ್ರಾಂತ ಸಂಘದ ಅಧ್ಯಕ್ಷತೆಯೂ ಅವರಿಗೆ ಬಂದಿತು. ಮತದ ಹಕ್ಕು ದೊರೆತ ಮೇಲೆ 1922ರಲ್ಲಿ ಶಾಸನಸಭೆಗೆ ಸ್ಪರ್ಧಿಸಿ ಸೋತರು. ಸೋತರೇನಾಯಿತು, 1927ರಲ್ಲಿ ಅದೇ ಶಾಸನಸಭೆಯು ಅಣಕುಹಕ್ಕಿಯನ್ನು ಪ್ರಾಂತದ ಪಕ್ಷಿಯೆಂದು ಅಂಗೀಕರಿಸಿತು; ಅದರ ಹಿಂದೆ ಅವರ ಪ್ರಯತ್ನವಿದ್ದಿತು.

ಬಾಸ್ಟನ್ನಿನ ಹೆಮೆನ್‌ವೇ ಅವರು ಪೂರ್ಣಾಯುಷ್ಯವನ್ನು ಪಡೆದು 1960ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ದಕ್ಷಿಣ ತೀರವನ್ನು ಅಪ್ಪಳಿಸಿದ ಚಂಡಮಾರುತವು ಕೇಪ್ ಸೇಬಲ್ಲಿನ ದಂಡೆಯಲ್ಲಿದ್ದ ಬ್ರಾಡ್ಲಿಯ ಸಮಾಧಿಯನ್ನು ಕೊಚ್ಚಿಕೊಂಡು ಹೋಯಿತು. ಅವನು ಕಾಯುತ್ತಿದ್ದ ಆ ಹಿನ್ನೀರುಗಳಲ್ಲಿ ಬೆಳ್ಳಕ್ಕಿಗಳು ಈಗಲೂ ಗೂಡುಕಟ್ಟುತ್ತವೆ.