ಜೀಪಿನ ಮಾಡಿಗೆ ಬೆಳಕಿಂಡಿ

ಕಲಾವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಮೋಟಾರು ವಾಹನದ ಮಾಡಿನ ವಿಚಾರವಾಗಿ ಬರೆಯಹೊರಟರೆ ಸಹಪಾಠಿಗಳು ನಗುವುದು ಸಹಜ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಈ ಮೂರರಲ್ಲಿ ಯಾವುದರಲ್ಲಿಯೂ ಸನ್‌ರೂಫಿನ ಪಾಠವಿಲ್ಲ. ಆದರೆ ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಅಪ್ಪಯ್ಯ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ಸಲಹೆ ಕೇಳಿದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಓದಿದವನಿಗೆ ಎಲ್ಲವೂ ತಿಳಿದಿರುತ್ತದೆಂದು ಅವರ ನಂಬಿಕೆ. ಆ ನಂಬಿಕೆಯನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡಿನ ಫಲವೇ ಈ ಲೇಖನ.

ಸಂಗತಿ ಇಷ್ಟು. ಅಪ್ಪಯ್ಯ ನಿಟ್ಟೂರಿನ ಕಡೆಯಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಚಾಲಕರು. ಜೀಪು ಎಂಬುದು ವಾಡಿಕೆಯ ಮಾತು. ನಿಜವಾಗಿ ಅದು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವ, ತಗಡಿನ ಮಾಡಿನ ಹಳೆಯ ಬೊಲೆರೊ. 1343 ಮೀಟರು ಎತ್ತರದ ಆ ಬೆಟ್ಟಕ್ಕೆ ಏರುವ ಹಾದಿಯನ್ನು ಕಂಡವರು ಅದನ್ನು ರಸ್ತೆಯೆನ್ನಲು ಹಿಂಜರಿಯುತ್ತಾರೆ. ಈಚೆಗೆ ಬೆಂಗಳೂರಿನಿಂದ ಬರುವ ತರುಣರು ಬಾಡಿಗೆಯ ದರಕ್ಕಿಂತ ಮೊದಲು “ಸನ್‌ರೂಫ್ ಇದೆಯಾ?” ಎಂದು ಫೋನಿನಲ್ಲಿ ಕೇಳುತ್ತಾರಂತೆ. ಇಲ್ಲವೆಂದರೆ ಕೆಲವರು ಮಾತು ಮುಗಿಸಿಬಿಡುತ್ತಾರೆ. ಪೇಟೆಯ ಗ್ಯಾರೇಜಿನವರೊಬ್ಬರು ನಲವತ್ತು ಸಾವಿರಕ್ಕೆ ಮಾಡು ಕೊರೆದು ಗಾಜು ಕೂರಿಸಿ ಕೊಡುವುದಾಗಿ ಹೇಳಿದ್ದರು. ನನ್ನ ಮೂರು ವರ್ಷದ ಶುಲ್ಕ, ಬಸ್ ಪಾಸು, ಪುಸ್ತಕ ಎಲ್ಲವನ್ನೂ ಕೂಡಿದರೂ ಅಷ್ಟು ಹಣವಾಗಿಲ್ಲ.

“ನೀ ಓದಿದವ. ಹೇಳು ನೋಡ್ವ, ಕೊರ್ಸದಾ ಬ್ಯಾಡ್ದಾ?” ಎಂದರು ಅಪ್ಪಯ್ಯ.

ಒಂದು ವಾರದ ಗಡುವು ಕೇಳಿಕೊಂಡೆ.

ಕಾಡುಮೇಡು ಹತ್ತುವ ವಾಹನಕ್ಕೆ ತೆರೆದ ಮಾಡು ಹೊಸದೇನಲ್ಲ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದುದು ಕ್ಯಾನ್‌ವಾಸಿನ ಹೊದಿಕೆ ಮಾತ್ರ. ಬೇಡವೆಂದಾಗ ಮಡಿಸಿ ಇಡುತ್ತಿದ್ದರು. ತಗಡಿನ ಮಾಡು ಬಂದ ಮೇಲೆಯೇ ಅದರಲ್ಲಿ ಕಿಂಡಿ ಬೇಕೆಂಬ ಆಸೆ ಹುಟ್ಟಿದ್ದು. 1989ರ ಲ್ಯಾಂಡ್ ರೋವರ್ ಡಿಸ್ಕವರಿಯ ಕೆಲವು ವಾಹನಗಳಿಗೆ ಮಾಡಿನಲ್ಲಿ ಎರಡು ಸನ್‌ರೂಫುಗಳಿರುತ್ತಿದ್ದವು. ನಮ್ಮಲ್ಲಿ 2024ರಲ್ಲಿ ಬಂದ ಥಾರ್ ರಾಕ್ಸ್‌ನ ಮೇಲ್ದರ್ಜೆಯ ಮಾದರಿಗಳಿಗೆ ಅಗಲವಾದ ಗಾಜಿನ ಮಾಡೇ ಇದೆ. ಆದ್ದರಿಂದ ಸನ್‌ರೂಫು ಬೆಟ್ಟದ ವಾಹನಕ್ಕೆ ಆಗದ ವಸ್ತುವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಆದರೆ ಕಾರ್ಖಾನೆಯಲ್ಲಿ ಕಿಂಡಿಯಿಟ್ಟು ಕಟ್ಟಿದ ಮಾಡಿಗೂ, ಕಟ್ಟಿದ ಮಾಡನ್ನು ಆಮೇಲೆ ಕೊರೆಯುವುದಕ್ಕೂ ಬಹಳ ಅಂತರವಿದೆಯೆಂಬುದು ನನಗೆ ಆ ವಾರದಲ್ಲಿ ತಿಳಿಯಿತು.

ಮೊದಲು ನೀರಿನ ವಿಚಾರ. ಸನ್‌ರೂಫಿನ ಸುತ್ತಲಿನ ರಬ್ಬರು ನೀರನ್ನು ಪೂರ್ತಿ ತಡೆಯುತ್ತದೆಂದು ನಾನು ನಂಬಿದ್ದೆ. ಹಾಗಲ್ಲ. ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆಂದು ತಿಳಿದೇ ಅದನ್ನು ರಚಿಸಿರುತ್ತಾರೆ. ಗಾಜಿನ ಅಂಚಿನ ಕೆಳಗೆ ಸುತ್ತಲೂ ಒಂದು ಕಾಲುವೆ. ಅದರ ಮೂಲೆಗಳಿಂದ ಬೆರಳಿಗಿಂತ ತೆಳುವಾದ ಕೊಳವೆಗಳು ಕಂಬಗಳ ಒಳಗಿನಿಂದ ಇಳಿದು ನೀರನ್ನು ಹೊರಗೆ ಬಿಡುತ್ತವೆ. ನಮ್ಮ ಮನೆಗಳ ಸೂರಿಗೆ ಕಟ್ಟುವ ಅಡಿಕೆಯ ದಂಬೆಯೂ ಇದೇ ಕೆಲಸ ಮಾಡುವುದು. ದಂಬೆಯಲ್ಲಿ ತರಗೆಲೆ ತುಂಬಿದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಏಣಿಯಿಟ್ಟು ದಂಬೆಯನ್ನು ಕೆರೆಯುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಆದರೆ ಕಂಬದೊಳಗಿನ ಕೊಳವೆಗೆ ಕೋಲು ಹಾಕುವಂತಿಲ್ಲ. ಅದು ಕಟ್ಟಿಕೊಂಡಾಗ ನೀರು ಒಳಮಾಡಿನ ಬಟ್ಟೆಗೆ, ಅಲ್ಲಿಂದ ಸೀಟಿಗೆ, ಕಡೆಗೆ ಕಾಲಡಿಯ ತಂತಿಗಳಿಗೆ ಇಳಿಯುತ್ತದೆ.

ಬೆಟ್ಟದ ದಾರಿಯಲ್ಲಿ ಇನ್ನೊಂದು ತೊಡಕಿದೆ. ಸಮತಟ್ಟಾದ ರಸ್ತೆಯಲ್ಲಿ ನೀರು ನಾಲ್ಕು ಮೂಲೆಗಳಿಗೂ ಹಂಚಿಹೋಗುತ್ತದೆ. ವಾಹನ ಮೂತಿ ಎತ್ತಿ ಏರುವಾಗ ಎಲ್ಲವೂ ಹಿಂದಿನ ಎರಡು ಮೂಲೆಗಳಿಗೆ ನುಗ್ಗುತ್ತದೆ. ಇಳಿಯುವಾಗ ಚಾಲಕನ ತಲೆಯ ಕಡೆಗೆ ಬರುತ್ತದೆ. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರು ನೀರು. ಅರ್ಧ ಚದರ ಮೀಟರಿನ ಗಾಜಿನ ಮೇಲೆ ದಿನಕ್ಕೆ 100 ಮಿಲಿಮೀಟರು ಬಿದ್ದರೆ 50 ಲೀಟರು. ಅದರಲ್ಲಿ ಬಹುಪಾಲು ಗಾಜಿನ ಮೇಲೇ ಹರಿದುಹೋಗುವುದು ನಿಜ. ಆದರೂ ಹುಲಿಕಲ್ಲು ಇರುವ ತಾಲ್ಲೂಕಿನವರಾದ ನಾವು ಈ ಲೆಕ್ಕವನ್ನು ಹಗುರವಾಗಿ ಕಾಣಲಾರೆವು.

ಎರಡನೆಯದು ಬಲದ ಪ್ರಶ್ನೆ. ಇದನ್ನು ನನಗೆ ತಿಳಿಸಿಕೊಟ್ಟವನು ಐ.ಟಿ.ಐ. ಓದುವ ಗೆಳೆಯ. ಅವನು ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳವನ್ನು ಗೋಂದಿನಿಂದ ಅಂಟಿಸಿ, ಎರಡು ತುದಿ ಹಿಡಿದು ತಿರುಚು ಎಂದ. ಅದು ಸುಲಭವಾಗಿ ಮಣಿಯಲಿಲ್ಲ. ಮುಚ್ಚಳದ ನಡುವೆ ಚೌಕವಾಗಿ ಕತ್ತರಿಸಿ ಮತ್ತೆ ತಿರುಚಲು ಹೇಳಿದ. ಈ ಸಲ ಪೆಟ್ಟಿಗೆ ಬಳುಕಿತು; ಕತ್ತರಿಸಿದ ಚೌಕದ ಮೂಲೆಗಳಿಂದಲೇ ರಟ್ಟು ಹರಿಯಲಾರಂಭಿಸಿತು. ಕೊಡಚಾದ್ರಿಯ ಹಾದಿಯಲ್ಲಿ ಮುಂದಿನ ಎಡಚಕ್ರ ಕಲ್ಲಿನ ಮೇಲೆ, ಹಿಂದಿನ ಬಲಚಕ್ರ ಇನ್ನೊಂದು ಕಲ್ಲಿನ ಮೇಲೆ ನಿಂತಾಗ ವಾಹನಕ್ಕೆ ಆಗುವುದೂ ಇಂಥ ತಿರುಚುವಿಕೆಯೇ. ಬೊಲೆರೊದಂಥ ವಾಹನದಲ್ಲಿ ಕೆಳಗಿನ ಚಾಸಿ ಇದರ ಹೆಚ್ಚಿನ ಪಾಲನ್ನು ಹೊರುತ್ತದೆ. ಆದರೆ ಮೇಲಿನ ಒಡಲಿಗೂ ಒಂದಿಷ್ಟು ತಟ್ಟದೆ ಇರದು. ಮಾಡಿನ ತಗಡಿನ ಕೆಳಗೆ ಅಡ್ಡಪಟ್ಟಿಗಳಿರುತ್ತವೆ. ಸನ್‌ರೂಫು ಸಹಿತ ಕಟ್ಟುವ ಕಾರ್ಖಾನೆಯವರು ಕಿಂಡಿಯ ಸುತ್ತ ಬಲವಾದ ಚೌಕಟ್ಟನ್ನು ಕೊಡುತ್ತಾರೆ. ಗ್ಯಾರೇಜಿನವರು ಪಟ್ಟಿಯನ್ನು ಕತ್ತರಿಸಿ ಗಾಜು ಕೂರಿಸುತ್ತಾರೆ. ವಾಹನ ಮಗುಚಿದರೆ ತಲೆಯನ್ನು ಕಾಯಬೇಕಾದ ಪಟ್ಟಿ ಅದು. ಗಾಜಿನ ಭಾರ, ಎ.ಸಿ.ಯ ಮೇಲೆ ಬೀಳುವ ಬಿಸಿಲಿನ ಹೊರೆ ಇವೂ ಇವೆ. ನಮ್ಮ ಗಾಡಿಯ ಮಟ್ಟಿಗೆ ಅವು ಸಣ್ಣ ಮಾತು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಬಾಡಿಗೆಯ ವಾಹನಕ್ಕೆ ಯೋಗ್ಯತಾ ಪತ್ರ ಬೇಕು, ವಿಮೆ ಬೇಕು. ಮಾಡು ಕೊರೆದ ಮೇಲೆ ಎರಡಕ್ಕೂ ತಕರಾರು ಬರಬಹುದು.

ಇಷ್ಟಾದರೂ ನನ್ನ ಮನಸ್ಸು ಪೂರ್ತಿ ಒಂದೇ ಕಡೆ ವಾಲಲಿಲ್ಲ. ನಮ್ಮ ಅಡುಗೆಮನೆಯ ಹೆಂಚಿನ ನಡುವೆ ಒಂದು ಗಾಜಿನ ಹೆಂಚಿದೆ. ಅಲ್ಲಿಂದ ಬೀಳುವ ಬಿಸಿಲುಕೋಲಿನಲ್ಲಿಯೇ ಅಮ್ಮ ಅಕ್ಕಿಯ ಕಲ್ಲು ಆರಿಸುವುದು. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಮರಗಳ ನೆತ್ತಿ ಕಾಣಬೇಕೆಂಬ ಆಸೆಯಲ್ಲಿ ತಪ್ಪೇನಿದೆ? ಕಬಿನಿಯಂಥ ಕಡೆ ಸಫಾರಿಗೆ ತೆರೆದ ಜೀಪುಗಳೇ ಇವೆ. ಆದರೆ ನಮ್ಮ ಪ್ರವಾಸಿಗರು ಬಯಸುವುದು ಕೂತು ನೋಡುವುದನ್ನಲ್ಲ, ಕಿಂಡಿಯಿಂದ ಎದೆಯವರೆಗೆ ಹೊರಬಂದು ಚಿತ್ರ ತೆಗೆಸಿಕೊಳ್ಳುವುದನ್ನು. ಚಕ್ರ ಗುಂಡಿಗೆ ಬಿದ್ದ ಕ್ಷಣದಲ್ಲಿ ಕಿಂಡಿಯ ಅಂಚು ಪಕ್ಕೆಲುಬಿಗೆ ತಾಗುತ್ತದೆ. ಬಾಗಿದ ಕೊಂಬೆ ಕೂಗಿ ಹೇಳಿ ಬರುವುದಿಲ್ಲ.

ವಾರ ಕಳೆದ ಮೇಲೆ ಇದನ್ನೆಲ್ಲ ಹೇಳಿದೆ. ರಟ್ಟಿನ ಪೆಟ್ಟಿಗೆಯನ್ನೂ ತೋರಿಸಿದೆ. ಅಪ್ಪಯ್ಯ ಅದನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಚಿ ನೋಡಿ, “ಅಡ್ಡಪಟ್ಟಿ ಕಡಿತಾನೆ ಅಂತ ಆ ಮಾರಾಯ ಹೇಳ್ಲೇ ಇಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಬಾಡಿಗೆ ತಪ್ಪಿದ್ರೆ?” ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹೊಸ ವಾಹನ ಕೊಳ್ಳುವ ದಿನ ಬಂದರೆ ಕಿಂಡಿಯಿಟ್ಟು ಕಟ್ಟಿದ್ದನ್ನೇ ನೋಡಿದರಾಯಿತೆಂದು ಮಾತ್ರ ಹೇಳಿದೆ.

ಮಾಡು ಕೊರೆಸಲಿಲ್ಲ. ಈಗ ಮೇಲೆ ಹೋಗುವಾಗ ಕಣಿವೆ ಕಾಣುವ ಒಂದು ತಿರುವಿನಲ್ಲಿ ಅಪ್ಪಯ್ಯ ಗಾಡಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಚಿತ್ರವನ್ನು ತಾವೇ ತೆಗೆದುಕೊಡುತ್ತಾರೆ. ಜನವರಿಯಿಂದ ಈಚೆಗೆ ಸನ್‌ರೂಫಿಲ್ಲವೆಂದು ತಪ್ಪಿಹೋದ ಬಾಡಿಗೆಗಳು ಏಳು. ನನ್ನ ಹಳೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಅವರು ಒಂದೊಂದಕ್ಕೂ ಗೀಟು ಹಾಕಿಟ್ಟಿದ್ದಾರೆ. ಊರಿಗೆ ಹೋದಾಗಲೆಲ್ಲ ನಾನು ಮೊದಲು ತೆರೆದು ನೋಡುವುದು ಆ ಹಾಳೆಯನ್ನು.